ಕೈಚಕ್ರ ಜೇಬಿನಲ್ಲಿಟ್ಟ ಎಫಿ

ಗ್ಲೆನ್‌ಬ್ರೇಯ ಗಂಡಸರಿಗೆ ಒಂದು ಚಟವಿದೆ. ಕುಡಿತವಲ್ಲ, ಅದು ಇದ್ದದ್ದೇ. ಇನ್ನೊಬ್ಬರ ಶೆಡ್ಡಿಗೆ ಕಾಲಿಟ್ಟರೆ ಅಲ್ಲಿನ ಯಂತ್ರದ ಯಾವುದಾದರೊಂದು ತಿರುಪನ್ನು ಅರ್ಧ ಸುತ್ತು ತಿರುಗಿಸದೆ ಅವರು ಹೊರಗೆ ಬರಲಾರರು. ಯಾರೂ ಕೇಳಿರುವುದಿಲ್ಲ. ಯಂತ್ರ ಸರಿಯಾಗಿಯೇ ಇರುತ್ತದೆ. ಆದರೂ ಹವೆಯ ವಿಚಾರ, ಕುರಿಮರಿಗಳ ವಿಚಾರ ಮಾತಾಡುತ್ತಾ ಆಡುತ್ತಾ ಕೈ ತಾನಾಗಿ ಅತ್ತ ಹೋಗುತ್ತದೆ. ಅರ್ಧ ಸುತ್ತು. "ಹ್ಞಾಂ, ಈಗ ಸರಿಯಾಯ್ತು ನೋಡು." ಆಮೇಲೆ ಚಹಾ. ಅವರವರ ಮನೆಯ ನಲ್ಲಿಗಳು ಮಾತ್ರ ವರ್ಷಗಟ್ಟಲೆ ತೊಟ್ಟಿಕ್ಕುತ್ತಲೇ ಇರುತ್ತವೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಎಫಿ ಮೆಕ್‌ಲೀಶ್ ಈ ಚಟವನ್ನು ಜೀವಮಾನವಿಡೀ ಸಹಿಸಿಕೊಂಡು ಬಂದವಳು. ಶಾಲೆಯ ಬಸ್ಸು ಓಡಿಸಿಯೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ಬಸ್ಸು ಕೆಟ್ಟು, ಎಂಜಿನ್ನಿನ ಮುಚ್ಚಳ ಎತ್ತಿ ರಸ್ತೆ ಬದಿ ನಿಂತರೆ ಸಾಕು, ಕುರಿ ಕಾಯುವವನಿಂದ ಹಿಡಿದು ಚರ್ಚಿನ ಪಾದ್ರಿಯವರೆಗೆ ಒಬ್ಬ ಗಂಡಸು ಪ್ರತ್ಯಕ್ಷನಾಗಿ, ಅವಳು ಆಗಲೇ ಸರಿಮಾಡಿದ್ದನ್ನು ಇನ್ನೊಮ್ಮೆ ಸರಿಮಾಡಿ ಹೋಗುತ್ತಿದ್ದ. ಎಫಿ ಥ್ಯಾಂಕ್ಸ್ ಹೇಳಿ, ಅವನು ತಿರುವು ದಾಟುವವರೆಗೆ ಕೈಬೀಸಿ, ಆಮೇಲೆ ಅವನು ತಿರುಗಿಸಿದ್ದನ್ನೆಲ್ಲ ಹಿಂದಕ್ಕೆ ತಿರುಗಿಸಿ ಬಸ್ಸು ಹತ್ತುತ್ತಿದ್ದಳು. ಜಗಳ ಆಡಿದವಳಲ್ಲ. ಆ ಮನೆತನಕ್ಕೆ ಬಂದ ಜಗಳವೆಲ್ಲ ಅಕ್ಕ ಮರ್ಲ್‌ಳ ಪಾಲಿಗೇ ಹೋಗಿಬಿಟ್ಟಿತ್ತು.

ಮರ್ಲ್ ಊರಿನ ಅಂಚೆ ಕಚೇರಿ ನಡೆಸಿದವಳು. ಅದಕ್ಕೂ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಕೇಳಿಸಿಕೊಂಡವಳು. ಯಾರ ಮನೆಯ ಬೆಕ್ಕು ಯಾರ ಮನೆಯಲ್ಲಿ ಹಾಲು ಕುಡಿಯುತ್ತದೆಂಬುದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆಯೆಂಬುದು ಊರಿಗೆ ಗೊತ್ತಿತ್ತು. ಜಿಪುಣತನದಲ್ಲಂತೂ ಎತ್ತಿದ ಕೈ. ಎಫಿಗೆ ಕೊಟ್ಟ ಹುಟ್ಟುಹಬ್ಬದ ಉಡುಗೊರೆಯ ಕಾಗದವನ್ನು ಹರಿಯದಂತೆ ಬಿಚ್ಚಿಸಿ, ಇಸ್ತ್ರಿ ಮಾಡಿಟ್ಟು, ಮುಂದಿನ ವರ್ಷ ಅದೇ ಕಾಗದದಲ್ಲಿ ಅವಳಿಗೇ ಮತ್ತೆ ಉಡುಗೊರೆ ಕೊಡುತ್ತಿದ್ದಳು. ಅವಳು ಮದುವೆಯಾಗಲಿಲ್ಲ. ಎಫಿ ಆಗಿದ್ದಳು. ಆ ಮನುಷ್ಯ ಕುರಿಯ ಉಣ್ಣೆ ಕತ್ತರಿಸುವ ಕೆಲಸಕ್ಕೆಂದು ಆಸ್ಟ್ರೇಲಿಯಾಕ್ಕೆ ಹೋದವನು, ಅಲ್ಲಿಯ ಕುರಿಗಳು ಬಹುಶಃ ಇನ್ನೂ ಮುಗಿದಿಲ್ಲ. ಹೀಗೆ ಅಕ್ಕತಂಗಿಯರು ಒಂದೇ ಸೂರಿನಡಿ ಉಳಿದರು.

ಆ ಚಳಿಗಾಲದಲ್ಲಿ ಪಟ್ಟಣದ ಡಾಕ್ಟರು ಮರ್ಲ್‌ಳ ಹೃದಯದ ಕವಾಟ ಸವೆದಿದೆ, ಈ ವಯಸ್ಸಿನಲ್ಲಿ ಎದೆ ಬಿಚ್ಚುವುದು ಬೇಡ, ಬೇಸಿಗೆ ಕಂಡರೆ ಅದೇ ಹೆಚ್ಚು ಎಂದು ಹೇಳಿದರು. ಮರ್ಲ್ ಮನೆಗೆ ಬಂದವಳೇ ಕೋಟು ಬಿಚ್ಚುವ ಮೊದಲೇ ಹೇಳಿದಳು, "ಸರಿ, ಪೆಟ್ಟಿಗೆ ವಿಚಾರ ಮಾತಾಡೋಣ."

ಗ್ಲೆನ್‌ಬ್ರೇಯಲ್ಲಿ ಇದು ಬಾಯಿ ಮುಚ್ಚಿಸುವಂಥ ಮಾತಲ್ಲ. ಅಲ್ಲಿ ಪೆಟ್ಟಿಗೆ ಸಂಘವೆಂಬುದೇ ಇದೆ. ವಯಸ್ಸಾದವರು ವಾರಕ್ಕೊಮ್ಮೆ ಸೇರಿ ತಂತಮ್ಮ ಶವಪೆಟ್ಟಿಗೆಯನ್ನು ತಾವೇ ಮಾಡಿಕೊಳ್ಳುತ್ತಾರೆ, ಚಹಾ ಕುಡಿಯುತ್ತಾರೆ, ಅಂದು ಬಾರದವರನ್ನು ಆಡಿಕೊಳ್ಳುತ್ತಾರೆ. ಮುಗಿದ ಪೆಟ್ಟಿಗೆಯನ್ನು ಬೇಕಾಗುವವರೆಗೆ ಸುಮ್ಮನೆ ಇಡುವುದುಂಟೇ? ಚರ್ಚಿನಲ್ಲಿ ದಪ್ಪ ದನಿಯಲ್ಲಿ ಹಾಡುವ ಗಾರ್ತ್ ತನ್ನ ಪೆಟ್ಟಿಗೆಯಲ್ಲಿ ಮನೆಯಲ್ಲೇ ಇಳಿಸಿದ ಬಿಯರ್ ಬಾಟಲಿ ಜೋಡಿಸಿದ್ದ. ಒಂದು ಕಾಲದಲ್ಲಿ ರಗ್ಬಿ ಆಡಿದ್ದ ಲಿಂಡ್ಸೆ ತನ್ನದಕ್ಕೆ ತಂಡದ ಕಡುಗೆಂಪು ಬಣ್ಣ ಬಳಿದಿದ್ದ. ಬಳಿದ ಮೇಲೆ ಹೊಟ್ಟೆ ಬೆಳೆದು, ಈಗ ಮುಚ್ಚಳ ಕೂರುತ್ತಿರಲಿಲ್ಲ. ರೈಲ್ವೆಯ ಫಿಟ್ಟರ್ ಆಗಿದ್ದ ವಿಲ್ಫ್ ಮಾತ್ರ ಇನ್ನೂ ಅಳತೆಯಲ್ಲೇ ಇದ್ದ. "ವಿಲ್ಫ್ ಅಳತೆ ಮುಗಿಸೋವರೆಗೂ ಯಮನೂ ಬಾಗಿಲಲ್ಲಿ ಕಾಯಬೇಕು" ಎಂದು ಉಳಿದವರು ನಗುತ್ತಿದ್ದರು. ಎಫಿ ಎಲ್ಲರ ಪೆಟ್ಟಿಗೆಗೂ ಹಲಗೆ ಸೀಳಿಕೊಟ್ಟಿದ್ದಳು. ನಿನ್ನದೆಲ್ಲಿ ಎಂದು ಯಾರಾದರೂ ಕೇಳಿದರೆ, "ನನ್ನನ್ನ ಫ್ರಿಜ್ ಬಂದ ರಟ್ಟಿನ ಡಬ್ಬದಲ್ಲಿ ಹಾಕಿ ಕಳಿಸಿ, ಸಾಕು" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಮರ್ಲ್ ನಗುತ್ತಿರಲಿಲ್ಲ, ಆದರೆ ಅವಳು ನಗದಿರುವುದು ವಿಶೇಷವೇನಲ್ಲ.

ಮರ್ಲ್‌ಗೆ ಬೇಕಾದದ್ದು ಬೇರೆ ಯಾವ ಮರವೂ ಅಲ್ಲ. ಊರಿನ ಹಳೆಯ ನೃತ್ಯದ ಹಾಲ್ ಕೆಡವಿದಾಗ ಅವಳು ಅದರ ನಡುತೊಲೆಯನ್ನು ಹಟಹಿಡಿದು ಕೊಂಡಿದ್ದಳು. ಎರಡು ಆಳು ಉದ್ದದ, ಗೇಣಗಲದ, ಗೇಣೇ ದಪ್ಪದ ರೀಮು, ಆ ನಾಡಿನ ಹಳೆಯ ಕಾಡಿನ ಮರ. ಜೇನುಬಣ್ಣ, ಒಳಗೆ ಕೆಂಪು ಗೆರೆ. ಅಂಥ ಮರ ಕಡಿಯುವುದು ನಿಂತು ಎಷ್ಟೋ ಕಾಲವಾಯಿತು. ಈ ತೊಲೆ ಹಾಳಾದರೆ ಇನ್ನೊಂದು ಸಿಗುವ ಮಾತಿಲ್ಲ.

"ಆ ತೊಲೆ ಕೆಳಗೆ ಮೂರು ಜನಕ್ಕೆ ಮದುವೆ ಆಗಲ್ಲ ಅಂದಿದ್ದೀನಿ" ಎಂದಳು ಮರ್ಲ್. "ಮೂರೂ ಸಲ ಕೇಳಿಸಿಕೊಂಡು ಬಾಯಿ ಬಿಡದೇ ಇದ್ದದ್ದು ಈ ಊರಲ್ಲಿ ಅದೊಂದೇ."

"ಎಷ್ಟು ದಪ್ಪಕ್ಕೆ ಸೀಳಲಿ?" ಎಫಿ ಕೇಳಿದಳು.

ಮರ್ಲ್ ಕಿರುಬೆರಳು ಎತ್ತಿ ತೋರಿಸಿದಳು.

"ಅಷ್ಟೇನಾ! ಎಲ್ಲರೂ ಹೆಬ್ಬೆರಳು ದಪ್ಪ ಹಾಕ್ತಾರೆ. ಎತ್ತುವಾಗ ತಳ ಕಳಚಿ ಬಿದ್ರೆ?"

"ಬಿದ್ರೆ ಬೀಳ್ಲಿ. ಅಷ್ಟೊತ್ತಿಗೆ ನಂಗೆ ನೋವಾಗಲ್ಲ."

ಪಟ್ಟಣದ ಮರದ ಮಿಲ್ಲಿನವನು ತನ್ನ ದುಂಡು ಗರಗಸದಲ್ಲಿ ಒಂದು ಬೆಳಿಗ್ಗೆ ಮುಗಿಸಿಕೊಡುತ್ತೇನೆಂದ. ಮರ್ಲ್ ಅವನನ್ನು ಮೆಟ್ಟಿಲಿಂದಲೇ ವಾಪಸು ಕಳಿಸಿದಳು. ದುಂಡು ಗರಗಸ ಒಂದೊಂದು ಸೀಳಿಗೂ ಅರ್ಧ ಬೆರಳು ಮರ ತಿಂದು ಹೊಟ್ಟು ಮಾಡುತ್ತದೆ. ಎಫಿಯ ಬ್ಯಾಂಡ್‌ಸಾ ಎಂಬ ಗರಗಸ ಯಂತ್ರದ ಹಲ್ಲಿನ ಪಟ್ಟಿ ತೆಳ್ಳಗೆ, ಅದು ತಿನ್ನುವುದು ನಾಣ್ಯದ ದಪ್ಪದಷ್ಟೇ. "ಎಫಿಯೇ ಸೀಳಲಿ. ಒಂದು ಹಲಗೆನೂ ಕೆಡಬಾರದು."

"ಇಷ್ಟು ತೆಳ್ಳಗೆ ಸೀಳಿದ್ರೆ ಹಲಗೆ ರಾಶಿ ಉಳಿಯುತ್ತಲ್ಲೇ. ಅದನ್ನೇನು ಮಾಡ್ತೀಯ?"

"ಅದು ನನ್ನ ವಿಚಾರ."

ಸಂಘದಲ್ಲಿ ಈ ಸುದ್ದಿ ಚಹಾಕ್ಕಿಂತ ಬಿಸಿಯಾಗಿ ಓಡಾಡಿತು. ಉಳಿದ ಹಲಗೆ ಮಾರಿ ಸ್ವರ್ಗಕ್ಕೆ ಟಿಕೆಟ್ ತಗೋತಾಳೆ ಎಂದ ಗಾರ್ತ್. ವಾಪಸು ಬರೋ ಟಿಕೆಟ್ಟೂ ಸೇರಿಸಿ ಕೇಳ್ತಾಳೆ, ರಿಯಾಯಿತಿ ಸಿಗುತ್ತೆ ಅಂತ, ಎಂದ ಲಿಂಡ್ಸೆ. ಎಫಿಗೂ ಒಳಗೊಳಗೆ ಹಾಗೆಯೇ ಅನ್ನಿಸಿತ್ತು. ಆದರೆ ಆಸೆಯಿಂದ ಕೇಳಿದ್ದು. ಈ ಬೇಸಿಗೆ ಕಾಣದವಳು ಕೇಳಿದ್ದು. ಮಾಡಲೇಬೇಕು.

ಬ್ಯಾಂಡ್‌ಸಾ ಹಳೆಯ ಎರಕದ ಕಬ್ಬಿಣದ್ದು. ಮುಚ್ಚಿಹೋದ ಒಂದು ಶಾಲೆಯ ಮರಗೆಲಸದ ಕೊಠಡಿಯಿಂದ ಎಫಿ ಅದನ್ನು ಹರಾಜಿನಲ್ಲಿ ತಂದಿದ್ದಳು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ನಡುವೆ ಬಳೆಯ ಹಾಗೆ ಸುತ್ತುವ ಹಲ್ಲಿನ ಪಟ್ಟಿ. ಮೇಲಿನ ಚಕ್ರವನ್ನು ಎತ್ತಿ ಪಟ್ಟಿಯನ್ನು ಬಿಗಿಮಾಡಲು ಹಿಂದೆ ಅಂಗೈಯಗಲದ ಒಂದು ಕೈಚಕ್ರ. ಬಿಗಿ ಎಷ್ಟೆಂದು ತೋರಿಸಲು ಒಂದು ಮುಳ್ಳೂ ಇತ್ತು. ಒಳಗಿನ ಸ್ಪ್ರಿಂಗು ಸೋತುಹೋಗಿ, ಬಿಗಿಸಿದರೂ ಸಡಿಲಿಸಿದರೂ ಆ ಮುಳ್ಳು ನಡುಗೆರೆ ಬಿಟ್ಟು ಕದಲುತ್ತಿರಲಿಲ್ಲ. ಸೌದೆ ಸೀಳಲು, ಹೆಬ್ಬೆರಳು ದಪ್ಪದ ಅಗ್ಗದ ಹಲಗೆಗೆ ಕಣ್ಣಂದಾಜು ಸಾಕು. ಗೇಣಗಲದ ತೊಲೆಯನ್ನು ಕಿರುಬೆರಳು ದಪ್ಪಕ್ಕೆ ಸೀಳುವಾಗ ಆ ಆಟ ನಡೆಯುವುದಿಲ್ಲ. ಪಟ್ಟಿ ಸಡಿಲವಾದರೆ ಮರದೊಳಗೆ ಅದು ಬಾಗಿ, ಹಲಗೆಗೆ ಹೊಟ್ಟೆ ಬರುತ್ತದೆ. ಅತಿ ಬಿಗಿಯಾದರೆ ಬೆಸುಗೆಯಲ್ಲಿ ಪಟ್ಟಂತ ಹರಿಯುತ್ತದೆ.

ಎಫಿಗೆ ಬಿಗಿಯ ಚಿಂತೆ ಹತ್ತಿದೆ ಎಂದು ತಿಳಿದದ್ದೇ ತಡ, ಗಂಡಸರು ಶೆಡ್ಡಿಗೆ ಬಂದರು. ಕರೆದಿರಲಿಲ್ಲ. "ಹೀಗೇ ಈ ಕಡೆ ಹೋಗ್ತಿದ್ದೆ" ಎಂದು ಮೂವರೂ ಹೇಳಿದರು. ಎಫಿಯ ಮನೆಯಾಚೆ ರಸ್ತೆಯೇ ಇಲ್ಲ, ಸಮುದ್ರ.

ಮೊದಲು ಗಾರ್ತ್ ಕೈ ಹಾಕಿದ. ಪಟ್ಟಿಯನ್ನು ಹೆಬ್ಬೆರಳಿನಿಂದ ಮೀಟಿ, ಕಣ್ಣು ಮುಚ್ಚಿ, ಕೈಚಕ್ರ ತಿರುಗಿಸಿ, ಮತ್ತೆ ಮೀಟಿ, ತಾನೂ ಗುಂಯ್ ಎಂದ. "ಭಾನುವಾರದ ಮೊದಲ ಹಾಡಿನ ಸ್ವರ ಇದೇ. ಈ ಸ್ವರ ಬಂದ್ರೆ ಬಿಗಿ ಸರಿ. ನನ್ನ ಕಿವಿ ತಪ್ಪಲ್ಲ ಎಫಿ."

ಚರ್ಚಿನಲ್ಲಿ ವಾದ್ಯ ನುಡಿಸುವವಳು ಊರು ಬಿಟ್ಟು ಹೋಗಿದ್ದರಿಂದ ಅವನ ಕಿವಿ ತಪ್ಪೆಂದು ಹೇಳುವವರು ಯಾರೂ ಉಳಿದಿರಲಿಲ್ಲ. ಎಫಿ ಒಂದು ಸೌದೆಯ ದಿಮ್ಮಿ ಸೀಳಿ ನೋಡಿದಳು. ಹಲಗೆ ತೊಟ್ಟಿಯಂತೆ ಬಾಗಿ ಬಂತು.

ಕಂಬಳಿ ಹೊದ್ದು, ಕಾಲಬಳಿ ಹೀಟರ್ ಇಟ್ಟುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮರ್ಲ್ ಆ ಹಲಗೆಯನ್ನು ಕೈಗೆ ತಗೊಂಡಳು. "ಭಾನುವಾರವೂ ನೀನು ಹೀಗೇ ಹಾಡೋದು ಗಾರ್ತ್. ಹಂದಿಗೆ ಗಂಜಿ ಹಾಕೋಕೆ ಆಗುತ್ತೆ ಇದು, ಇಟ್ಕೋ."

"ಸ್ವರ ಗಿರ ಎಲ್ಲ ಬಿಡು ಮಾರಾಯ" ಎಂದು ಲಿಂಡ್ಸೆ ತೋಳು ಮಡಚಿದ. "ಬಿಗಿ ಅಂದ್ರೆ ಬಿಗಿ. ಕೈಲಾಗೋವಷ್ಟು ತಿರುಗಿಸಬೇಕು, ಆಮೇಲೆ ಇನ್ನೊಂಚೂರು."

ಎಫಿ ಇಬ್ಬರನ್ನೂ ಪಕ್ಕಕ್ಕೆ ಸರಿಸಿ, ತಾನೇ ಬೆರಳಿನಿಂದ ಪಟ್ಟಿ ಒತ್ತಿ ಒತ್ತಿ, ನಾಲ್ಕಾರು ದಿಮ್ಮಿ ಹಾಳುಮಾಡಿ, ಸಂಜೆಯ ಹೊತ್ತಿಗೆ ಒಂದು ನೇರ ಹಲಗೆ ತೆಗೆದಳು. ಅದೇ ಬಿಗಿಯಲ್ಲಿ ಯಂತ್ರ ಬಿಟ್ಟು ಮಲಗಿದಳು. ವಿಲ್ಫ್ ಅಷ್ಟು ಹೊತ್ತೂ ಏನೋ ಹೇಳಲು ಬಾಯಿ ತೆರೆಯುತ್ತಲೇ ಇದ್ದ. "ಅದು ಹೇಗಂದ್ರೆ ಎಫಿ... ಉಕ್ಕು ಅನ್ನೋದು..." ಎಂದು ಅವನು ಶುರುಮಾಡಿ, ಅದು ಹೇಗೆಂದು ಹೇಳುವಷ್ಟರಲ್ಲಿ ಎಲ್ಲರೂ ಚಹಾಕ್ಕೆ ಹೋಗಿರುತ್ತಿದ್ದರು. ಅವನ ಮದುವೆಯ ಪ್ರಸ್ತಾಪವೂ ಹೀಗೇ ಅರ್ಧದಲ್ಲಿ ನಿಂತು, ಹುಡುಗಿ ಬೇರೆಯವನನ್ನು ಮದುವೆಯಾದಳೆಂದು ಊರಲ್ಲಿ ಪ್ರತೀತಿ.

ಮರುದಿನ, ನಡುವೆ ಎರಡಾಗಿ ಕತ್ತರಿಸಿದ ತೊಲೆಯ ಒಂದು ತುಂಡನ್ನು ನಾಲ್ವರೂ ಸೇರಿ ಯಂತ್ರದ ಮೇಜಿಗೆ ಎತ್ತಿದರು. ಎಫಿ ಹಳೆಯ ಮೊಳೆಗಳನ್ನೆಲ್ಲ ಕಿತ್ತು, ಮರದ ಮೈ ಸವರಿ ನೋಡಿದಳು. ಆಮೇಲೆ ಒಲೆಯಲ್ಲಿಟ್ಟ ಚೀಸ್ ರೋಲ್ ಸೀದು ಹೋದೀತೆಂದು ಮನೆಯೊಳಗೆ ಓಡಿದಳು. ಆ ಹೊತ್ತಿನಲ್ಲಿ ಲಿಂಡ್ಸೆ ಯಂತ್ರದ ಹಿಂದೆ ನಿಂತು ಹವೆಯ ವಿಚಾರ ಮಾತಾಡುತ್ತಿದ್ದ.

ಮೊದಲ ಸೀಳು ಬೆಣ್ಣೆಯಂತೆ ಸಾಗಿತು. ಅರ್ಧ ದಾಟಿತ್ತು. ಮರ್ಲ್ ಕುರ್ಚಿಯಿಂದ ಮುಂದೆ ಬಾಗಿ, ಉಸಿರು ಕಟ್ಟಿ ನೋಡುತ್ತಿದ್ದಳು. ಆಗ ಬಂದೂಕು ಹಾರಿದಂಥ ಸದ್ದಾಯಿತು. ಪಟ್ಟಿ ತುಂಡಾಗಿ, ಹಲ್ಲು ಪಕ್ಕಕ್ಕೆ ಕಚ್ಚಿ, ತೊಲೆ ಅದುರಿತು. ಎಫಿ ಸ್ವಿಚ್ ಆರಿಸಿ, ತನ್ನ ಬೆರಳುಗಳನ್ನು ಎಣಿಸಿಕೊಂಡು, ಆಮೇಲೆ ಮರ ನೋಡಿದಳು. ಬೆರಳು ಒಂದೂ ಹೋಗಿರಲಿಲ್ಲ. ಹಲಗೆಯ ನಡುವೆ ಕೋಳಿ ಕೆದಕಿದಂಥ ಉದ್ದನೆಯ ಗಾಯ ಬಿದ್ದಿತ್ತು.

"ಯಾರು?" ಎಂದಳು ಎಫಿ. ಅವಳ ದನಿ ಎಂದಿನಂತೆ ಮೆತ್ತಗಿರಲಿಲ್ಲ.

ಲಿಂಡ್ಸೆ ತನ್ನ ಬೂಟು ನೋಡಿಕೊಂಡ. "ಅರ್ಧ ಸುತ್ತು, ಅಷ್ಟೇ ಎಫಿ. ಸ್ವಲ್ಪ ಸಡಿಲ ಅನ್ನಿಸ್ತು."

ಈಗ ಮರ್ಲ್ ಅವನ ಮೂರು ತಲೆಮಾರು ಜಾಲಾಡುತ್ತಾಳೆ, ಎಕ್ಸ್‌ಚೇಂಜಿನಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಹೊರಗೆ ಹಾಕುತ್ತಾಳೆ ಎಂದು ಎಲ್ಲರೂ ಕಾದರು. ಮರ್ಲ್ ಬೈಯಲಿಲ್ಲ. ಕಂಬಳಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಪ್ಪ ಸತ್ತಾಗ ಅಳದವಳು, ಡಾಕ್ಟರ ಮಾತು ಕೇಳಿ ಬಸ್ಸಿನ ಟಿಕೆಟ್ಟಿಗೆ ಚಿಲ್ಲರೆ ಹುಡುಕಿದವಳು, ಒಂದು ಹಲಗೆಗೆ ಅತ್ತಳು. ಗಂಡಸರು ಹೆದರಿ ಚೀಸ್ ರೋಲ್ ಕೂಡ ಮುಟ್ಟದೆ ಹೊರಟುಹೋದರು. ಗ್ಲೆನ್‌ಬ್ರೇಯ ಚರಿತ್ರೆಯಲ್ಲಿ ಚೀಸ್ ರೋಲ್ ಮಿಕ್ಕದ್ದು ಅದೇ ಮೊದಲು.

"ಒಂದು ಹೋಯ್ತು ಅಷ್ಟೇ ಮರ್ಲ್. ಇನ್ನೂ ಬೇಕಾದಷ್ಟಿದೆ" ಎಂದಳು ಎಫಿ.

"ಬೇಕಾದಷ್ಟಿಲ್ಲ. ನಿಂಗೆ ಗೊತ್ತಿಲ್ಲ. ಇನ್ನೊಂದು ಕೆಡಬಾರದು ಎಫಿ, ಇನ್ನೊಂದೂ ಕೆಡಬಾರದು."

ಎಫಿಗೆ ಅದು ಸಾವಿನ ಭಯವೆಂದು ತೋರಿತು. ಅಂದು ಅವಳು ಮಾಡಿದ ಕೆಲಸವನ್ನು ಊರು ಇಂದಿಗೂ ಹೇಳುತ್ತದೆ. ಸ್ಪ್ಯಾನರ್ ತಂದು, ಯಂತ್ರದ ಹಿಂದಿನ ಕೈಚಕ್ರವನ್ನೇ ಬಿಚ್ಚಿ, ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅಡುಗೆಮನೆಗೆ ಹೋದರೂ ಜೇಬಲ್ಲಿ, ಕೋಳಿಗೆ ಕಾಳು ಹಾಕುವಾಗಲೂ ಜೇಬಲ್ಲಿ, ಭಾನುವಾರ ಚರ್ಚಿನ ಬೆಂಚಿನಲ್ಲಿ ಕೂತಾಗ ಅದು ಮರಕ್ಕೆ ಬಡಿದು ಠಣ್ ಎಂದದ್ದೂ ಉಂಟು. ಗಂಡಸರು ಮತ್ತೆ ಬಂದರು. ಯಂತ್ರದ ಹಿಂದೆ ನಿಂತರು. ಹವೆಯ ಮಾತು ಶುರುವಾಯಿತು, ಕೈ ತಾನಾಗಿ ಹಿಂದಕ್ಕೆ ಹೋಯಿತು, ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಲಿಂಡ್ಸೆಯ ಬೆರಳು ಗಾಳಿಯಲ್ಲೇ ಅರ್ಧ ಸುತ್ತು ತಿರುಗಿದ್ದನ್ನು ಮರ್ಲ್ ಕಂಡಳು. ಆ ವಾರ ಅವಳು ಮೊದಲ ಬಾರಿಗೆ ನಕ್ಕಳು. ಲಿಂಡ್ಸೆ ತಪ್ಪಿಗೆಂದು ಒಂದು ಮೂಟೆ ಟರ್ನಿಪ್ ಗೆಡ್ಡೆ ತಂದು ಬಾಗಿಲಲ್ಲಿಟ್ಟು ಹೋದ. ಅದರಲ್ಲಿ ಅರ್ಧ ಕೊಳೆತಿದ್ದವು. ಆದರೂ ಮನಸ್ಸು ಒಳ್ಳೆಯದೇ.

ಹೊಸ ಪಟ್ಟಿ ಹಾಕಿದ ದಿನ ವಿಲ್ಫ್ ಮತ್ತೆ ಬಾಯಿ ತೆರೆದ. "ಅದು ಹೇಗಂದ್ರೆ... ಉಕ್ಕು ಅನ್ನೋದು..."

"ಚಹಾ ಆರುತ್ತೆ, ಬನ್ನಿ" ಎಂದು ಗಾರ್ತ್ ಎದ್ದ.

"ಕೂತ್ಕೋ!" ಎಂದಳು ಮರ್ಲ್. "ಸಾಯೋಳು ನಾನು. ನಂಗೇ ಪುರುಸೊತ್ತಿದೆ, ನಿಮಗ್ಯಾರಿಗೂ ಇಲ್ವಾ? ಹೇಳು ವಿಲ್ಫ್. ಎಷ್ಟು ಹೊತ್ತಾದ್ರೂ ಸರಿ."

ವಿಲ್ಫ್ ಹೇಳಿದ. ಎಷ್ಟು ಹೊತ್ತಾಯಿತೆಂದರೆ ಹೀಟರಿನ ಗ್ಯಾಸ್ ಮುಗಿದು ಎಫಿ ಸಿಲಿಂಡರ್ ಬದಲಿಸಬೇಕಾಯಿತು. ಅವನ ಮಾತಿನ ಸಾರ ಇಷ್ಟೇ. ಉಕ್ಕನ್ನು ಎಳೆದರೆ ಅದೂ ಹಿಗ್ಗುತ್ತದೆ, ರಬ್ಬರಿನಂತೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಬಿಗಿಯನ್ನು ಕಿವಿಯಿಂದಾಗಲಿ ತೋಳಿನಿಂದಾಗಲಿ ಅಳೆಯಬೇಕಾಗಿಲ್ಲ, ಪಟ್ಟಿ ಎಷ್ಟು ಹಿಗ್ಗಿತು ಎಂದು ನೋಡಿದರೆ ಸಾಕು. ಅವನು ಕೋಟಿನೊಳಗಿಂದ ಗಡಿಯಾರದಂಥ ಮುಖವಿದ್ದ, ಕ್ಯಾಲಿಪರ್ ಎಂಬ ಅಳತೆಯ ಉಪಕರಣ ತೆಗೆದ. ಪಟ್ಟಿ ಸಡಿಲವಿರುವಾಗಲೇ ಅದರ ಎರಡು ದವಡೆಗಳನ್ನು ಗೇಣಿಗಿಂತ ಕಮ್ಮಿ ಅಂತರಕ್ಕೆ ತೆರೆದು, ಒಂದೊಂದನ್ನೂ ಪುಟ್ಟ ಕ್ಲ್ಯಾಂಪಿನಿಂದ ಪಟ್ಟಿಗೇ ಕಚ್ಚಿಸಿದ. ಮುಳ್ಳನ್ನು ಸೊನ್ನೆಗೆ ತಂದ. "ಈಗ ಬಿಗಿಸಿದ್ರೆ... ಪಟ್ಟಿ ಹಿಗ್ಗುತ್ತೆ... ದವಡೆ ದೂರ ಹೋಗುತ್ತೆ... ಮುಳ್ಳು ಹೇಳುತ್ತೆ."

"ಎಷ್ಟು ದೂರ ಹೋಗಬೇಕು?" ಎಫಿ ಕೇಳಿದಳು.

"ಅದು ಹೇಗಂದ್ರೆ... ಒಂದು ಕೂದಲಿನ ದಪ್ಪ."

"ಯಾರ ಕೂದಲು?" ಎಂದಳು ಮರ್ಲ್. "ಲಿಂಡ್ಸೆದಾದ್ರೆ ಸಿಗಲ್ಲ." ಅವಳು ಕೈ ಎತ್ತಿ ತನ್ನ ತಲೆಯಿಂದಲೇ ಒಂದು ಬಿಳಿ ಕೂದಲು ಕಿತ್ತು ಕೊಟ್ಟಳು. ವಿಲ್ಫ್ ಕ್ಯಾಲಿಪರನ್ನು ಮತ್ತೆ ಬಿಚ್ಚಿ, ಕೂದಲನ್ನು ದವಡೆಯ ನಡುವೆ ಹಿಡಿದು ಅಳೆದ. ಅವನು ಅಳೆಯದೆ ಬಿಡುತ್ತಾನೆಯೇ? ತಲೆಯಾಡಿಸಿ, "ಸರಿಯಾಗಿದೆ, ಇಷ್ಟೇ" ಎಂದ. ಅವನ ಬಾಯಿಂದ ಒಂದೇ ಉಸಿರಿನಲ್ಲಿ ಮುಗಿದ ಮಾತು ಅದೊಂದೇ.

ಅವನು ಕ್ಯಾಲಿಪರನ್ನು ಪಟ್ಟಿಗೆ ಮತ್ತೆ ಕಚ್ಚಿಸಿದ ಮೇಲೆ ಎಫಿ ಜೇಬಿನಿಂದ ಕೈಚಕ್ರ ತೆಗೆದು ಸಿಕ್ಕಿಸಿದಳು. ಗೋಡೆಯ ಪ್ಲಗ್ ಕಿತ್ತಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡಳು. ತಿರುಗಿಸಿದಳು. ಮೊದಲು ಮುಳ್ಳು ಕದಲಲಿಲ್ಲ, ಪಟ್ಟಿಯ ಸಡಿಲವಷ್ಟೇ ಹೋಯಿತು. ಆಮೇಲೆ ಒಂದು ಗೆರೆ. ಇನ್ನೊಂದು. ಮರ್ಲ್‌ಳ ಕೂದಲು ಮುಟ್ಟಿದ್ದ ಗೆರೆಗೆ ಬಂದಾಗ ಎಫಿ ಕೈ ಬಿಟ್ಟಳು. ಅದು ಲಿಂಡ್ಸೆಯ ತೋಳು ಹೇಳಿದ್ದಕ್ಕಿಂತ ಬಹಳ ಕಮ್ಮಿ, ಗಾರ್ತ್‌ನ ಕಿವಿ ಹೇಳಿದ್ದಕ್ಕಿಂತ ಬಹಳ ಹೆಚ್ಚು. ಕ್ಯಾಲಿಪರು, ಕ್ಲ್ಯಾಂಪು ತೆಗೆದಳು. ಕೈಚಕ್ರ ಬಿಚ್ಚಿ ಮತ್ತೆ ಜೇಬಿಗೆ ಹಾಕಿಕೊಂಡಳು. ಹಿಂದಿನಿಂದ ಯಾರೋ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ಆಮೇಲಿನ ದಿನಗಳಲ್ಲಿ ಅವಳು ತೊಲೆಯನ್ನು ಸೀಳಿದಳು. ಕೆಲಸ ಮುಗಿದ ಮೇಲೆ ಪಟ್ಟಿ ಸಡಿಲಿಸುವಳು, ಬೆಳಿಗ್ಗೆ ಕ್ಯಾಲಿಪರ್ ಕಚ್ಚಿಸಿ ಮತ್ತೆ ಕೂದಲಿನ ಗೆರೆಗೆ ತರುವಳು. ವಿಲ್ಫ್ ಆಚೆ ತುದಿಯಲ್ಲಿ ಹಲಗೆ ಹಿಡಿಯುವನು. ಹಲಗೆಗಳು ಒಂದರ ಹಿಂದೊಂದು ನೇರವಾಗಿ, ಒದ್ದೆ ಜೇನಿನ ಬಣ್ಣದಲ್ಲಿ ಬಂದವು, ಶೆಡ್ಡೆಲ್ಲ ಮರದ ವಾಸನೆ. ಮರ್ಲ್ ಪ್ರತಿಯೊಂದನ್ನೂ ಮುಟ್ಟಿ, ತುಟಿ ಅಲುಗಿಸಿ ಎಣಿಸುವಳು. ಅವಳು ಈಗ ಶೆಡ್ಡಿಗೆ ನಡೆದು ಬರುತ್ತಿರಲಿಲ್ಲ. ಲಿಂಡ್ಸೆ ಕುರ್ಚಿ ಸಮೇತ ಅವಳನ್ನು ಎತ್ತಿ ತಂದು ಇಡುತ್ತಿದ್ದ. ಆ ತೋಳಿಗೂ ಒಂದು ಸರಿಯಾದ ಕೆಲಸ ಸಿಕ್ಕಿತ್ತು. "ಅಲುಗಾಡಿಸಬೇಡ, ನಾನೇನು ರಗ್ಬಿ ಚೆಂಡಲ್ಲ" ಎಂದು ಅವಳು ದಾರಿಯುದ್ದಕ್ಕೂ ಬೈಯುವಳು.

ಪೆಟ್ಟಿಗೆ ಜೋಡಿಸುವಾಗ ಮತ್ತೊಂದು ಹಟ ಶುರುವಾಯಿತು. ಗಾಯದ ಹಲಗೆಯನ್ನು ತನ್ನ ಮುಚ್ಚಳಕ್ಕೆ ಹಾಕಬೇಕೆಂದು.

"ನಿಂಗೇನು ಹುಚ್ಚಾ? ಅಷ್ಟು ಒಳ್ಳೆ ಹಲಗೆ ಇಟ್ಕೊಂಡು ಒಡಕಲು ಯಾಕೆ? ಅದನ್ನ ಒಲೆಗೆ ಹಾಕ್ತೀನಿ."

"ಮುಟ್ಟಿದ್ರೆ ನೋಡು! ನನ್ನ ಮುಖದ ಮೇಲೆ ಅದೇ ಇರಲಿ. ಲಿಂಡ್ಸೆ ಪ್ರತಿಸಲ ನೋಡಿ ನಾಚಿಕೆ ಪಡಲಿ."

"ಪ್ರತಿಸಲ ಅಂದ್ರೆ? ಒಂದೇ ಸಲ ನೋಡೋದು ಮರ್ಲ್."

"ಒಂದೇ ಸಲ ಆದ್ರೂ ಚೆನ್ನಾಗಿ ನಾಚಿಕೆ ಪಡಲಿ."

ಎಫಿ ವಾದಿಸಿ ಸೋತು, ಆ ಗಾಯವನ್ನು ಹೆರೆದು ಉಜ್ಜಿ ನಯಮಾಡಿ ಮುಚ್ಚಳದ ನಡುವೆ ಕೂರಿಸಿದಳು. ಪೆಟ್ಟಿಗೆ ಮುಗಿದ ದಿನ ಸಂಘದವರೆಲ್ಲ ಸೇರಿದರು. ಮರ್ಲ್ ಚಪ್ಪಲಿ ಬಿಟ್ಟು, ಲಿಂಡ್ಸೆಯ ಕೈ ಹಿಡಿದು, ಒಳಗೆ ಮಲಗಿ ನೋಡಿದಳು. ಮೊಣಕೈ ಆಡಿಸಿದಳು. "ಪರವಾಗಿಲ್ಲ. ತಲೆ ಕಡೆ ಗಾಳಿ ಬರುತ್ತೆ" ಎಂದಳು. ಗಾರ್ತ್ ಹಾಡಬೇಕೆಂದು ಗಂಟಲು ಸರಿಮಾಡಿಕೊಂಡ. "ನಾನಿನ್ನೂ ಸತ್ತಿಲ್ಲ, ಕಿವಿ ಕೇಳಿಸುತ್ತೆ" ಎಂದು ಅವಳು ಎದ್ದು ಕೂತಳು. ಚೀಸ್ ರೋಲ್ ಒಂದೂ ಮಿಗಲಿಲ್ಲ.

ಎಲ್ಲರೂ ಹೋದ ಮೇಲೆ ಎಫಿ ಗೋಡೆಗೆ ಒರಗಿಸಿದ್ದ ಉಳಿದ ಹಲಗೆಗಳನ್ನು ನೋಡಿದಳು. ಒಂದು ರಾಶಿಯೇ ಇತ್ತು, ಒಂದರಲ್ಲೂ ಕಲೆಯಿರಲಿಲ್ಲ. "ಇದನ್ನ ಯಾರಿಗೆ ಮಾರ್ತೀಯ ಈಗಲಾದ್ರೂ ಹೇಳು. ಪಟ್ಟಣದ ಪೀಠೋಪಕರಣದ ಅಂಗಡಿಯವನಿಗಾ?"

"ನೆಲದ ಮೇಲೆ ಜೋಡಿಸು" ಎಂದಳು ಮರ್ಲ್. "ಅಗಲಕ್ಕೆ ಮೂರು. ಹ್ಞಾಂ. ಈಗ ಅದ್ರ ಮೇಲೆ ಮಲಕ್ಕೋ."

"ಯಾಕೆ?"

"ಅಳತೆ ತಗೋಬೇಕು, ಯಾಕೆ ಅಂದ್ರೆ! ನಿನ್ನ ರಟ್ಟಿನ ಡಬ್ಬದ ಮಾತು ಕೇಳಿ ಕೇಳಿ ಸಾಕಾಗಿದೆ ನಂಗೆ. ಊರಿಗೆಲ್ಲ ಹಲಗೆ ಸೀಳಿಕೊಡ್ತೀಯ. ನಾನು ಹೋದ ಮೇಲೆ ನಿಂಗೆ ಯಾರು ಮಾಡ್ತಾರೆ? ಲಿಂಡ್ಸೆ ಮಾಡ್ತಾನಾ? ಒಳಗೆ ಕೈ ಹಾಕಿ ನಿನ್ನನ್ನೂ ಅರ್ಧ ಸುತ್ತು ತಿರುಗಿಸ್ತಾನೆ. ಹೆಬ್ಬೆರಳು ದಪ್ಪ ಸೀಳಿದ್ರೆ ಒಂದೂವರೆ ಪೆಟ್ಟಿಗೆ ಆಗ್ತಿತ್ತು ಎಫಿ. ನಾನು ಲೆಕ್ಕ ಹಾಕಿದ್ದೆ. ಕಿರುಬೆರಳು ದಪ್ಪ ಸೀಳಿದ್ರೆ ಎರಡು. ಸರಿಯಾಗಿ ಎರಡು, ಒಂದು ಹಲಗೆನೂ ಹೆಚ್ಚಿಲ್ಲ. ಅದಕ್ಕೇ ಕೆಟ್ಟಿದ್ದನ್ನ ನಾನು ಇಟ್ಕೊಂಡೆ."

ಎಫಿ ಮಾತಾಡಲು ಹೋಗಿದ್ದರೆ ವಿಲ್ಫ್‌ನ ಹಾಗೆ ಅರ್ಧದಲ್ಲೇ ನಿಲ್ಲುತ್ತಿತ್ತು. ಹೊಟ್ಟು ತುಂಬಿದ ನೆಲಕ್ಕೆ ಮಂಡಿಯೂರಿ, ಹಲಗೆಗಳ ಮೇಲೆ ಅಂಗಾತ ಮಲಗಿದಳು. ಮೇಲೆ ಶೆಡ್ಡಿನ ತಗಡು, ದಕ್ಷಿಣದ ಗಾಳಿಗೆ ಅದು ಪಟಪಟ ಅನ್ನುತ್ತಿತ್ತು. ಕಣ್ಣೀರು ಕಿವಿಯೊಳಗೆ ಇಳಿಯಿತು. ಮರ್ಲ್ ಕುರ್ಚಿಯಿಂದ ಜಾರಿ, ಏದುಸಿರು ಬಿಡುತ್ತಾ ನೆಲದ ಮೇಲೆ ಕೂತು, ತಂಗಿಯ ಭುಜದ ಪಕ್ಕದಿಂದ ಪೆನ್ಸಿಲ್ ಎಳೆಯತೊಡಗಿದಳು.

"ಅಲುಗಾಡಬೇಡ, ಗೆರೆ ಸೊಟ್ಟ ಹೋಗುತ್ತೆ. ಅಳೋದಾದ್ರೆ ಅಲುಗಾಡದೆ ಅಳು." ಪೆನ್ಸಿಲ್ ಸೊಂಟದ ಹತ್ತಿರ ಬಂದು ತಡೆಯಿತು. "ಇದೇನೇ ಇಲ್ಲಿ ಉಬ್ಬಿಕೊಂಡಿರೋದು?"

"ಕೈಚಕ್ರ."

"ಇದನ್ನೂ ಜೊತೇಲಿ ತಗೊಂಡು ಹೋಗ್ತೀಯಾ?"

"ಬಿಟ್ಟು ಹೋದ್ರೆ ಅವರು ಸುಮ್ನಿರ್ತಾರಾ?"

ಮರ್ಲ್ ಸ್ವಲ್ಪ ಯೋಚಿಸಿದಳು. ಜನ್ಮದಲ್ಲಿ ಒಂದು ಚೂರು ಹೆಚ್ಚಿಗೆ ಬಿಟ್ಟವಳಲ್ಲ. ಪೆನ್ಸಿಲನ್ನು ಎತ್ತಿ, ಜೇಬಿನ ಪಕ್ಕ ಮೂರು ಬೆರಳು ಬಿಟ್ಟು ಗೆರೆ ಎಳೆದಳು.